ಹುಡುಗರ ಹೆದರಿಕೆ ಬಿಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಅಂಕೋಲಾದಿಂದ: ಊರಿನ ಹುಡುಗರ ಕಬಡ್ಡಿ ತಂಡಕ್ಕೆ ಈ ವರ್ಷ ನಾನೇ ಕೋಚ್. ಪ್ರಾಕ್ಟೀಸಿನಲ್ಲಿ ಹುಲಿಗಳು. ಮ್ಯಾಚಿನಲ್ಲಿ ಒಂದು ತಪ್ಪಾದರೆ ಸಾಕು, ಎಲ್ಲರೂ ನನ್ನ ಮುಖ ನೋಡುತ್ತಾರೆ. ಕಾಲು ನೋವಿದ್ದರೂ ಬಾಯಿ ಬಿಡುವುದಿಲ್ಲ. ಏನು ಮಾಡಲಿ?

ಕುಮಟಾದಿಂದ: ನನ್ನದೇ ತಪ್ಪು ಹೇಳುತ್ತೇನೆ. ನಮ್ಮ ಎಡ ಕಾರ್ನರ್ ಹುಡುಗ ಕಾಲು ಉಳುಕಿದ್ದನ್ನು ಮುಚ್ಚಿಟ್ಟು ಸೆಮಿಫೈನಲ್ ಆಡಿದ. ಆಂಕ್ಲೆಟ್ ಬಿಚ್ಚಿದರೆ ಗಿಣ್ಣು ಬದನೆಕಾಯಿ ಬಣ್ಣ. ‘ಯಾಕೋ ಹೇಳಲಿಲ್ಲ?’ ಅಂದೆ. ‘ಹೋದ ಸಲ ಇನ್ನೊಬ್ಬ ನೋವು ಅಂದಾಗ ನೀವು ನಕ್ಕಿರಲ್ಲ’ ಅಂದ. ನನಗೆ ನಕ್ಕಿದ್ದು ನೆನಪೂ ಇರಲಿಲ್ಲ!

ಡು ಆರ್ ಡೈ ರೈಡನ್ನೇ ನೋಡಿ. ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯವನು ಪಾಯಿಂಟ್ ತರದಿದ್ದರೆ ಔಟ್. ಖಾಲಿ ಬಂದವರು ಮೊದಲಿನ ಇಬ್ಬರು, ಬೈಗುಳ ಮಾತ್ರ ಮೂರನೆಯವನಿಗೆ. ಹಾಗಾದರೆ ಆ ರೈಡಿಗೆ ಯಾರು ಮುಂದೆ ಬರುತ್ತಾರೆ? ಈಗ ಮ್ಯಾಚ್ ಮುಗಿದ ಮೇಲೆ ಮೊದಲು ನನ್ನ ತಪ್ಪು ಹೇಳುತ್ತೇನೆ, ‘ಟೈಮ್ ಔಟ್ ತಡ ಮಾಡಿದೆ’ ಅಂತ. ಆಮೇಲೆ ಎಲ್ಲರಿಗಿಂತ ಚಿಕ್ಕವನು. ಕ್ಯಾಪ್ಟನ್ ಕೊನೆಗೆ. ಅವನು ಮೊದಲು ಮಾತಾಡಿದರೆ ಉಳಿದವರದ್ದು ಬರೀ ‘ಹೌದು ಹೌದು’. ಮೊದಲ ಮೂರು ವಾರ ಯಾರೂ ಏನೂ ಹೇಳಲಿಲ್ಲ, ಸುಮ್ನೆ ಮಣ್ಣು ಕೆರೆಯುತ್ತಾ ಕೂತಿದ್ದರು. ಕಾಯಬೇಕು.

ಶಿರಸಿಯಿಂದ: ನಮ್ಮದು ವಾಲಿಬಾಲ್. ಬೈಯಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಯಾವುದಕ್ಕೆ ಬೈಯುತ್ತೀರಿ ಅನ್ನುವುದು ಮುಖ್ಯ. ಚೆಂಡು ಇಬ್ಬರ ನಡುವೆ ಬಿತ್ತು, ಇಬ್ಬರೂ ‘ನಂದು’ ಅನ್ನಲಿಲ್ಲ. ಕೂಗಿ ತಪ್ಪಿಸಿದರೆ ಬೈಗುಳ ತನಗೇ ಅಂತ ಇಬ್ಬರಿಗೂ ಗೊತ್ತು. ಈಗ ನಮ್ಮಲ್ಲಿ ‘ನಂದು’ ಅಂದು ತಪ್ಪಿಸಿದವನಿಗೆ ಏನೂ ಇಲ್ಲ. ಕೂಗದೆ ನಿಂತವರಿಗೆ ಮೈದಾನಕ್ಕೆ ಎರಡು ಸುತ್ತು. ಗಲಾಟೆ ಜಾಸ್ತಿಯಾಗಿದೆ, ನಡುವೆ ಬೀಳುವ ಚೆಂಡು ಕಡಿಮೆಯಾಗಿದೆ.

ಕಾರವಾರದಿಂದ: ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳನ್ನು ನೋಡುವಾಗ ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಕಂಡಿತ್ತಂತೆ. ಅಲ್ಲಿಯವರು ಹೆದರದೆ ಹೇಳಿಕೊಳ್ಳುತ್ತಿದ್ದರು, ಅಷ್ಟೇ. ಹಾಗಾಗಿ ಹುಡುಗರು ನೋವು, ತಪ್ಪು ಹೇಳಲು ಶುರು ಮಾಡಿದಾಗ ತಂಡ ಹಾಳಾಯಿತು ಅಂದುಕೊಳ್ಳಬೇಡಿ. ಇನ್ನೊಂದು, ಗೆರೆಯಾಚೆ ನಿಂತು ಕೂಗುವ ಅಪ್ಪಂದಿರನ್ನು ದೂರ ಕೂರಿಸಿ. ನಾನೂ ಅವರಲ್ಲಿ ಒಬ್ಬನಾಗಿದ್ದೆ!

ಅಂಕೋಲಾದಿಂದ: ನಾನೂ ಒಂದು ಸಲ ನಕ್ಕಿದ್ದೇನೆ ಅನಿಸುತ್ತದೆ. ಇವತ್ತು ಸಂಜೆ ಆ ಹುಡುಗನ ಹತ್ತಿರ ಕೇಳುತ್ತೇನೆ.