1983ರ ಬಗ್ಗೆ ಅಪ್ಪ ಹೇಳುವುದರಲ್ಲಿ ಎಷ್ಟು ನಿಜ?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಅಮ್ಮನ ಮದುವೆ ಆಗಿದ್ದು 1983ರ ಮೇ ತಿಂಗಳಲ್ಲಿ. ಆ ವರ್ಷದ ಸುದ್ದಿ, ಸಿನಿಮಾ, ಹಾಡು ಎಲ್ಲ ಸೇರಿಸಿ ಅವರಿಗೊಂದು ಚಿಕ್ಕ ಪುಸ್ತಕ ಮಾಡಿಸಿಕೊಡೋಣ ಅಂತ ಹೊರಟಿದ್ದೇನೆ. ಅಪ್ಪನನ್ನೇ ಕೂರಿಸಿಕೊಂಡು ಕೇಳಿದೆ, ಅವರು ಎರಡು ಗಂಟೆ ಹೇಳಿದರು, ನಾನು ಬರೆದುಕೊಂಡೆ. ಆದರೆ ಅಮ್ಮ ಅಡುಗೆಮನೆಯಿಂದ ಆಗಾಗ ‘ಸುಳ್ಳು, ಸುಳ್ಳು’ ಅಂತಿದ್ದಳು. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಅಪ್ಪ ಹೇಳಿದ್ದು ಇಷ್ಟು. ವರ್ಷದ ಶುರುವಿನಲ್ಲೇ ಸರ್ಕಾರ ಬದಲಾಯಿತು. ಮುಖ್ಯಮಂತ್ರಿ ನಮ್ಮ ಕಡೆಯ ಬಂಗಾರಪ್ಪನವರೇ ಅಂತ ಊರಿಗೆ ಊರೇ ಕಾಯ್ತಿತ್ತು, ಕೊನೆಗೆ ಹೆಗಡೆ ಆದರು. ಆಷಾಢಕ್ಕೆ ಅಮ್ಮನನ್ನು ಬೆಂಗಳೂರಿನ ತವರಿಗೆ ಬಿಡಲು ಹೋದಾಗ ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ವಿಶ್ವಕಪ್‌ನಲ್ಲಿ ಕಪಿಲ್ ದೇವ್ 175 ಹೊಡೆದದ್ದನ್ನು ನೋಡಿದರು, ಫೈನಲ್ ಕೂಡ ಅಲ್ಲೇ ನೋಡಿದರು. ಆ ಟಿವಿ ಮೇಲೆ ನೀಲಿ ಹಾಳೆ ಹಾಕಿದ್ದರಂತೆ, ಇದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಮದುವೆ ಆದಮೇಲೆ ಇಬ್ಬರೂ ನೋಡಿದ ಮೊದಲ ಸಿನಿಮಾ ‘ಬಂಧನ’. ಆ ದೀಪಾವಳಿಗೆ ಸಾಗರದ ಮನೆಗೂ ಟಿವಿ ಬಂತು, ಎಲ್ಲರೂ ಕೂತು ‘ಹಮ್ ಲೋಗ್’ ಧಾರಾವಾಹಿ ನೋಡ್ತಿದ್ದರು.

ಇದರಲ್ಲಿ ಯಾವುದನ್ನು ಧೈರ್ಯವಾಗಿ ಅಚ್ಚು ಹಾಕಿಸಬಹುದು?

ಕೊನೆ ಬೆಂಚಿನವ:

ಬೇಜಾರು ಮಾಡ್ಕೋಬೇಡಿ, 175 ಅಂತೂ ಅಚ್ಚು ಹಾಕಿಸಬೇಡಿ. ಆ ಆಟವನ್ನು ಟಿವಿಯಲ್ಲಿ ನೋಡಿದವರು ಪ್ರಪಂಚದಲ್ಲೇ ಯಾರೂ ಇಲ್ಲ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು. ಅವತ್ತು ಅಲ್ಲಿ ಕ್ಯಾಮೆರಾನೇ ಇರಲಿಲ್ಲ. ಬಿಬಿಸಿಯವರ ಮುಷ್ಕರ ಅಂತ ಕಾರಣ ಹೇಳ್ತಾರೆ. ಫೋಟೋಗಳಿವೆ, ಸ್ಕೋರ್ ಪಟ್ಟಿ ಇದೆ, ಅಷ್ಟೇ.

ಆದರೆ ನಿಮ್ಮ ಅಪ್ಪ ಒಬ್ಬರೇ ಅಲ್ಲ. ನಮ್ಮ ಆಫೀಸಿನಲ್ಲೇ ಮೂರು ಜನ ಅದನ್ನು ‘ನೋಡಿದವರು’ ಇದ್ದರು. ಒಬ್ಬರಂತೂ ಒಂದು ಸಿಕ್ಸರ್ ಯಾವ ಕಡೆಗೆ ಹೋಯಿತು ಅಂತ ಎದ್ದು ನಿಂತು ತೋರಿಸ್ತಿದ್ದರು, ನಾವು ಯಾರೂ ಬಾಯಿ ಬಿಡ್ತಿರಲಿಲ್ಲ. 17 ರನ್ನಿಗೆ 5 ವಿಕೆಟ್ ಬಿದ್ದಿದ್ದವು, ಆಮೇಲೆ ಕಪಿಲ್ 138 ಎಸೆತಕ್ಕೆ 175, ಅದೂ ನಾಟೌಟ್. ಇಂಥದ್ದನ್ನು ಪೇಪರಿನಲ್ಲಿ ಓದಿದರೆ ಸಾಕು, ತಲೆಯೊಳಗೆ ತಾನಾಗೇ ಸಿನಿಮಾ ಓಡುತ್ತೆ.

ಪುಸ್ತಕದಲ್ಲಿ ಒಂದು ಮಾತು ಸೇರಿಸಿ. ಅವತ್ತು ಕೊನೇವರೆಗೂ ಆ ಕಡೆ ನಿಂತವನು ನಮ್ಮ ಬೆಂಗಳೂರಿನ ಕಿರ್ಮಾನಿ. 24 ರನ್, ಅವನದ್ದೂ ನಾಟೌಟ್. ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟ 126. ಹಾಗೇ ಇಡೀ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದವನು ರೋಜರ್ ಬಿನ್ನಿ, 18. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್‌ನನ್ನು ಔಟ್ ಮಾಡಿ ಕಳಿಸಿದವನೂ ಅವನೇ. 1983 ಅಂದ ಕೂಡಲೇ ಎಲ್ಲರೂ ಕಪಿಲ್ ಹಿಡಿದ ರಿಚರ್ಡ್ಸ್ ಕ್ಯಾಚಿಗೇ ಹೋಗ್ತಾರೆ, ನಮ್ಮವರಿಬ್ಬರ ಹೆಸರು ನಾವೇ ಹೇಳದಿದ್ದರೆ ಇನ್ಯಾರು ಹೇಳಬೇಕು?

ಪಂಚಾಂಗ ಪ್ರಿಯ:

ಕ್ರಿಕೆಟ್ ನನಗೆ ಗೊತ್ತಿಲ್ಲ, ಆದರೆ ಆಷಾಢದ ಲೆಕ್ಕ ತಪ್ಪಿದೆ. ಆ ವರ್ಷ ರುಧಿರೋದ್ಗಾರಿ ಸಂವತ್ಸರ. ಅಧಿಕ ಮಾಸ ಬಂದು ಯುಗಾದಿಯೇ ಏಪ್ರಿಲ್ 14ಕ್ಕೆ ಬಿದ್ದಿತ್ತು. ಹಾಗಾಗಿ ಆಷಾಢ ಶುರುವಾಗಿದ್ದು ಜುಲೈ 11ಕ್ಕೆ. ಫೈನಲ್ ಜೂನ್ 25 ಅಂದರೆ ಇನ್ನೂ ಜ್ಯೇಷ್ಠ. ಹೊಸ ಹೆಂಡತಿಯನ್ನು ಎರಡು ವಾರ ಮೊದಲೇ ತವರಿಗೆ ಬಿಟ್ಟರಾ? ಅಥವಾ ಬಿಡಲು ಹೋದಾಗ ಮ್ಯಾಚ್ ಮುಗಿದು ಹದಿನೈದು ದಿನ ಆಗಿತ್ತಾ? ಅಮ್ಮನನ್ನು ಕೇಳಿ. ಅಡುಗೆಮನೆಯಿಂದ ಬಂದ ‘ಸುಳ್ಳು’ ಇದೇ ಇರಬೇಕು.

ಹಾಸನದಿಂದ:

ಟಿವಿ ವಿಷಯ ನಾನು ಹೇಳ್ತೇನೆ. ಬೆಂಗಳೂರಿನಲ್ಲಿ ದೂರದರ್ಶನ ಬಂದಿದ್ದು 1981ರ ನವೆಂಬರ್ 1ಕ್ಕೆ. ಆದ್ದರಿಂದ 1983ರ ಜೂನ್‌ನಲ್ಲಿ ಬೆಂಗಳೂರಿನ ಪಕ್ಕದ ಮನೆಯಲ್ಲಿ ಫೈನಲ್ ನೋಡಿದ್ದು ಖಂಡಿತ ಸಾಧ್ಯ. ನೀಲಿ ಹಾಳೆಯೂ ನಿಜವೇ. ಕಪ್ಪು ಬಿಳುಪು ಟಿವಿಗೆ ಅದನ್ನು ಹಾಕಿದರೆ ಕಣ್ಣಿಗೆ ತಂಪು ಅಂತಿದ್ದರು, ಕಲರ್ ಟಿವಿ ಅಂತ ಬೀಗಿದವರೂ ಇದ್ದರು. ಆದರೆ ಸಾಗರದ ಮನೆಯಲ್ಲಿ ಆ ದೀಪಾವಳಿಗೇ ಟಿವಿ ಅಂದರೆ ನನಗೆ ಅನುಮಾನ. ನಮ್ಮ ಕಡೆಯ ಹೆಚ್ಚಿನ ಊರುಗಳಿಗೆ ಟಿವಿ ತಲುಪಿದ್ದು 84, 85ರಲ್ಲಿ, ಚಿಕ್ಕ ಚಿಕ್ಕ ಪ್ರಸಾರ ಗೋಪುರಗಳು ಎದ್ದ ಮೇಲೆ. ‘ಹಮ್ ಲೋಗ್’ ಶುರುವಾಗಿದ್ದೇ 1984ರ ಜುಲೈನಲ್ಲಿ. ಅಪ್ಪ ಹೇಳ್ತಿರೋದು ಅದರ ಮುಂದಿನ ಯಾವುದೋ ದೀಪಾವಳಿ.

ಟಿವಿ ಹಾಗೆ ಹರಡಿದ್ದಕ್ಕೆ 1983ರಲ್ಲೇ ಒಂದು ಕಾರಣ ಇದೆ, ಅದನ್ನು ಯಾರೂ ನೆನೆಯುವುದಿಲ್ಲ. ಆ ವರ್ಷ ಆಗಸ್ಟ್ 30ಕ್ಕೆ ಅಮೆರಿಕದ ಚಾಲೆಂಜರ್ ನೌಕೆ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತು ಹೋಯಿತು. ಅದಕ್ಕೂ ಮೊದಲಿನದ್ದು, 1ಎ, ಸುಮಾರು ಐದು ತಿಂಗಳಿಗೇ ಕೈಕೊಟ್ಟಿತ್ತು. ಇದು ಕೈಕೊಡಲಿಲ್ಲ. ಮೇಲಿರುವ ಆ ಪೆಟ್ಟಿಗೆಯನ್ನು ನೋಡಿಕೊಳ್ಳುವ ಕೇಂದ್ರ ಇದ್ದದ್ದು ನಮ್ಮ ಹಾಸನದಲ್ಲಿ. ನಾನಾಗ ಹೈಸ್ಕೂಲು. ದೇಶಕ್ಕೆಲ್ಲ ಟಿವಿ ತೋರಿಸೋ ಉಪಗ್ರಹದ ಕಿವಿ ಹಿಂಡೋದು ನಮ್ಮೂರಿಂದ, ನಮ್ಮ ಮನೆಯಲ್ಲಿ ಮಾತ್ರ ಟಿವಿ ಇಲ್ಲ!

ಇನ್ನೂ ತಮಾಷೆ ಬೇಕಾದರೆ, ಬೆಂಗಳೂರಿನವರಿಗಿಂತ ಎಷ್ಟೋ ಮೊದಲು, 1975ರಲ್ಲೇ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು ‘ಸೈಟ್’ ಅನ್ನೋ ಉಪಗ್ರಹ ಟಿವಿ ಪ್ರಯೋಗದಲ್ಲಿ ಟಿವಿ ನೋಡಿ ಆಗಿತ್ತು.

ಗಾಂಧಿಬಜಾರ್ ಗಿರಾಕಿ:

‘ಬಂಧನ’ 1984ರದ್ದು. ಅದನ್ನೂ ತೆಗೀರಿ. ಅಥವಾ ಮದುವೆಯಾಗಿ ವರ್ಷ ದಾಟುವ ತನಕ ಅಪ್ಪ ಸಿನಿಮಾಕ್ಕೆ ಕರೆದುಕೊಂಡೇ ಹೋಗಿರಲಿಲ್ಲ ಅಂತ ಬರೀರಿ, ಅಮ್ಮ ಖುಷಿಪಡ್ತಾರೆ. 83ರಲ್ಲಿ ಅಣ್ಣಾವ್ರ ‘ಕವಿರತ್ನ ಕಾಳಿದಾಸ’ ಬಂದಿತ್ತು, ‘ಕಾಮನಬಿಲ್ಲು’ ಬಂದಿತ್ತು. ‘ಪಲ್ಲವಿ ಅನುಪಲ್ಲವಿ’ ಕೂಡ ಅದೇ ವರ್ಷ, ಮಣಿರತ್ನಂ ಅವರ ಮೊದಲ ಸಿನಿಮಾ, ಹೀರೋ ಅನಿಲ್ ಕಪೂರ್, ಸಂಗೀತ ಇಳಯರಾಜ. ಆಗ ಮಣಿರತ್ನಂ, ಅನಿಲ್ ಕಪೂರ್ ಮುಂದೆ ಏನಾಗ್ತಾರೆ ಅಂತ ಯಾರಿಗೆ ಗೊತ್ತಿತ್ತು! ಅದರ ಹಾಡು ಮಾತ್ರ ಇವತ್ತಿಗೂ ಆಟೋದಲ್ಲಿ ಕೇಳುತ್ತೆ.

ಸುದ್ದಿ ವಿಷಯಕ್ಕೆ ಬಂದರೆ ಅಪ್ಪ ಸರಿಯಾಗೇ ಹೇಳಿದ್ದಾರೆ. ಜನವರಿ 10ಕ್ಕೆ ರಾಮಕೃಷ್ಣ ಹೆಗಡೆ ಪ್ರಮಾಣವಚನ ತೆಗೆದುಕೊಂಡರು. ಕರ್ನಾಟಕದಲ್ಲಿ ಕಾಂಗ್ರೆಸ್ ಅಲ್ಲದ ಮೊದಲ ಸರ್ಕಾರ. ಅದರ ಹಿಂದಿನ ದಿನವೇ ಪಕ್ಕದ ಆಂಧ್ರದಲ್ಲಿ ಎನ್‌ಟಿಆರ್. ಗುಂಡೂರಾಯರ ಸರ್ಕಾರದ ಮೇಲೆ ನರಗುಂದ, ನವಲಗುಂದದ ಗೋಲಿಬಾರಿನ ಸಿಟ್ಟಿತ್ತು, ಗೋಕಾಕ್ ಚಳವಳಿಯ ಬಿಸಿಯಿತ್ತು, ಲಂಕೇಶ್ ಪತ್ರಿಕೆ ವಾರ ವಾರವೂ ಬೆಂಡೆತ್ತುತ್ತಿತ್ತು. ಆದರೂ ಸೋಲ್ತಾರೆ ಅಂತ ನಮ್ಮ ಬೀದಿಯಲ್ಲಿ ಯಾರೂ ನಂಬಿರಲಿಲ್ಲ. ಹೆಗಡೆಯವರು ಆಗ ಶಾಸಕರೂ ಆಗಿರಲಿಲ್ಲ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು.

ನನಗೆ 83 ಅಂದರೆ ಇನ್ನೊಂದು ನೆನಪು. ಸೆಪ್ಟೆಂಬರ್‌ನಲ್ಲಿ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ಬಿತ್ತು. ನೂರಕ್ಕೂ ಜಾಸ್ತಿ ಜನ ಸತ್ತರು. ಮದುವೆ ಪುಸ್ತಕಕ್ಕೆ ಇದು ಬೇಡ ಬಿಡಿ. ಆದರೆ ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ವಿಶ್ವಕಪ್ ಗೆದ್ದ ವರ್ಷ ಅಂತ ಈಗ ಎಲ್ಲರೂ ಹೇಳುವಾಗ ನನಗೆ ಮೊದಲು ಆ ಧೂಳೇ ನೆನಪಾಗುತ್ತೆ.

ಶಿರಸಿ ಸೀಮೆ:

ನಿಮ್ಮ ಸಾಗರಕ್ಕೆ ಹತ್ತಿರದ್ದೊಂದು ಬಿಟ್ಟುಹೋಗಿದೆ. ಅದೇ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಶುರುವಾಯಿತು. ಕಡಿಯಲು ಗುರುತು ಹಾಕಿದ ಮರಗಳನ್ನು ಜನ ಹೋಗಿ ತಬ್ಬಿ ನಿಂತರು. ಅಪ್ಪಿಕೋ ಅಂದರೆ ಅಪ್ಪಿಕೊಳ್ಳಿ, ಅಷ್ಟೇ. ಮಲೆನಾಡಿನವರಿಗೆ ಇದು ಕ್ರಿಕೆಟ್ಟಿಗಿಂತ ದೊಡ್ಡ ಸುದ್ದಿ (ನನ್ನ ತಮ್ಮ ಒಪ್ಪುವುದಿಲ್ಲ).

ಹಾಗೇ ನಜೀರ್ ಸಾಬರನ್ನು ಮರೆಯಬೇಡಿ. ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್, ಬರಗಾಲದ ಹಳ್ಳಿಗಳಿಗೆಲ್ಲ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅಂತಲೇ ಹೆಸರಾದರು. ಕೈಪಂಪಿನ ‘ಕಿರ್ರ್’ ಸದ್ದು ನನ್ನ ಪಾಲಿಗೆ ಎಂಬತ್ತರ ದಶಕದ ಹಿನ್ನೆಲೆ ಸಂಗೀತ. 1983ರ ಜ್ಞಾನಪೀಠ ನಮ್ಮ ಮಾಸ್ತಿಯವರದ್ದು, ತೊಂಬತ್ತು ದಾಟಿದ ಮೇಲೆ. ಅದಕ್ಕೊಂದು ಪುಟ ಇಡಿ.

ಸಾಗರದ ಮಗಳು:

ಎಲ್ಲರಿಗೂ ಥ್ಯಾಂಕ್ಸ್. ಪಂಚಾಂಗದವರು ಹೇಳಿದ್ದನ್ನು ನಿನ್ನೆ ಊಟದ ಹೊತ್ತಿಗೆ ಸುಮ್ನೆ ಮೆಲ್ಲಗೆ ಎತ್ತಿದೆ. ಅಪ್ಪ ‘ಆಷಾಢ ಇರಲಿ ಜ್ಯೇಷ್ಠ ಇರಲಿ, ನಾನು ನೋಡಿದ್ದೇನೆ’ ಅಂದರು. ಅಮ್ಮ ಸಾರು ಬಡಿಸ್ತಾ ಪೂರ್ತಿ ಕಥೆ ಹೇಳಿದಳು.

ಜೂನ್‌ನಲ್ಲಿ ದೊಡ್ಡಮ್ಮನಿಗೆ ಹೆರಿಗೆಯಾಗಿತ್ತು ಅಂತ ಅಮ್ಮ ತನ್ನ ಅಣ್ಣನ ಜೊತೆ ಬೆಂಗಳೂರಿಗೆ ಬಂದಿದ್ದಳು. ಅಪ್ಪ ಬಂದಿದ್ದು ಜುಲೈ ಕೊನೆಗೆ. ಫೈನಲ್ ದಿನ ಅಪ್ಪ ಸಾಗರದಲ್ಲಿ, ಚಿಕ್ಕಪ್ಪನ ರೇಡಿಯೋ ಮುಂದೆ. ಪಕ್ಕದ ಮನೆಯಲ್ಲಿ ಫೈನಲ್ ನೋಡಿದ್ದು ಅಮ್ಮ! ಕ್ರಿಕೆಟ್ ಅಂದರೆ ಚಾನೆಲ್ ಬದಲಿಸುವ ನಮ್ಮ ಅಮ್ಮ. ಅವಳಿಗೆ ಆಟ ಏನೂ ಅರ್ಥ ಆಗಲಿಲ್ಲವಂತೆ, ಗಂಡನಿಗೆ ಇಷ್ಟ ಅಂತ ರಾತ್ರಿ ಬಹಳ ಹೊತ್ತಿನ ತನಕ ಕೂತು ನೋಡಿ, ಮಾರನೇ ದಿನ ಇನ್‌ಲ್ಯಾಂಡ್ ಲೆಟರಿನಲ್ಲಿ ಎಲ್ಲ ಬರೆದು ಕಳಿಸಿದ್ದಳು.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಾಗಾದರೆ ನೀಲಿ ಹಾಳೆ?’ ಅಂದರು.

ಅಮ್ಮ ಕೈ ತೊಳೆದುಕೊಂಡು ಹೋಗಿ ಟ್ರಂಕಿನಿಂದ ಪತ್ರ ತಂದಳು. ಪುಸ್ತಕಕ್ಕೆ ಕೊಡು ಅಂದೆ. ಅದರಲ್ಲಿ ಬೇರೆ ವಿಷಯಾನೂ ಇದೆ, ಕೊಡಲ್ಲ ಅಂದಳು. ಮಡಚಿ ಹಿಡಿದುಕೊಂಡೇ ಒಂದು ಸಾಲು ಮಾತ್ರ ಓದಿದಳು: ‘ಇವರ ಮನೆ ಟಿವಿಗೆ ನೀಲಿ ಹಾಳೆ ಹಾಕಿದ್ದಾರೆ, ಎಲ್ಲರೂ ಚಳಿ ಹಿಡಿದವರ ಹಾಗೆ ಕಾಣುತ್ತಿದ್ದರು, ನಿಮ್ಮ ಕಪಿಲ್ ದೇವ್ ಯಾರು ಅಂತ ನನಗೆ ಕೊನೇವರೆಗೂ ಗೊತ್ತಾಗಲಿಲ್ಲ.’