ಗಾಳದ ಹಳೆಯ ರೀಲುಗಳು: ರಾಟೆಯೇ, ಕಂಡಿಕೆಯೇ? ಭಾಗಗಳ ಹೆಸರಿನ ಬಗ್ಗೆ ಕೆಲವು ಪ್ರಶ್ನೆಗಳು

ಬಲ್ಲವರಿಗೆ ನಮಸ್ಕಾರ.

ಗಾಳದ ಕೋಲಿನ ಬುಡಕ್ಕೆ ಕಟ್ಟಿ ದಾರವನ್ನು ಸುತ್ತಿಡುವ ರೀಲುಗಳನ್ನು, ಅದರಲ್ಲಿಯೂ ನಮ್ಮ ಅಜ್ಜಂದಿರ ಕಾಲಕ್ಕೋ ಅದಕ್ಕೂ ಹಿಂದಕ್ಕೋ ಸೇರಿದವನ್ನು, ನಾನು ಹಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಅವನ್ನು ಕಪಾಟಿನಲ್ಲಿ ಜೋಡಿಸಿಡುವುದಷ್ಟೇ ಅಲ್ಲ, ಗಟ್ಟಿಮುಟ್ಟಾಗಿ ಉಳಿದಿರುವವನ್ನು ನೀರಿನ ಬಳಿಗೆ ಒಯ್ದು ಬಳಸುತ್ತೇನೆ. ಈಚೆಗೆ ಒಂದೊಂದು ರೀಲಿಗೂ ಒಂದೊಂದು ಪುಟದಂತೆ ಕನ್ನಡದಲ್ಲಿ ವಿವರ ಬರೆದಿಡಲು ತೊಡಗಿದ್ದೇನೆ. ಕೈಗೆ ಚೆನ್ನಾಗಿ ಪರಿಚಯವಿರುವ ಎಷ್ಟೋ ಭಾಗಗಳಿಗೆ ನನ್ನ ಬಳಿ ಹೆಸರೇ ಇಲ್ಲವೆಂಬುದು ಬರೆಯಲು ಕುಳಿತಾಗಲೇ ಅರಿವಿಗೆ ಬಂದಿತು. ಕೆಲವಕ್ಕೆ ನಾನೇ ಪದಗಳನ್ನು ಹುಡುಕಿಕೊಂಡಿದ್ದೇನೆ; ಅವು ಸರಿಯೇ ಎಂಬುದನ್ನೂ, ಸಿಗದೆ ಉಳಿದವಕ್ಕೆ ಬಳಕೆಯ ಮಾತು ಯಾವುದಾದರೂ ಇದೆಯೇ ಎಂಬುದನ್ನೂ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ರೀಲು’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಹೊಲಿಗೆ ದಾರದ ರೀಲು, ಸಿನಿಮಾದ ರೀಲು, ಮಾತಿನಲ್ಲಿ ‘ರೀಲು ಬಿಡುವುದು’, ಈಗ ಮೊಬೈಲಿನ ರೀಲ್ಸ್ ಎಂದು ಇದು ಕನ್ನಡದಲ್ಲಿ ಹಲವು ಕಡೆ ನೆಲೆಸಿಬಿಟ್ಟಿದೆ. ‘ಹಳೆಯ ರೀಲು ಸಂಗ್ರಹಿಸುತ್ತೇನೆ’ ಎಂದರೆ ಕೇಳಿದವರು ಸಿನಿಮಾದ ರೀಲೆಂದೇ ತಿಳಿಯುತ್ತಾರೆ. ಹಾಗೆಂದು ‘ಸುರುಳಿ’ ಎಂದು ಬದಲಿಸಿದರೆ ಅದು ಸುತ್ತಿಕೊಂಡ ದಾರದ ಹೆಸರಾಗುತ್ತದೆಯೇ ಹೊರತು ಸುತ್ತುವ ಸಾಧನದ ಹೆಸರಾಗುವುದಿಲ್ಲ. ‘ಉರುಳೆ’ ಎಂದರೆ ನೆಲದ ಮೇಲೆ ಉರುಳುವ ವಸ್ತು ಕಣ್ಣಿಗೆ ಬರುತ್ತದೆ. ಇಡೀ ಸಾಧನಕ್ಕೆ ‘ಗಾಳದ ರೀಲು’ ಎಂದು ಉಳಿಸಿಕೊಂಡು, ಒಳಗಿನ ಭಾಗಗಳಿಗೆ ಮಾತ್ರ ಕನ್ನಡದ ಪದಗಳನ್ನು ಹುಡುಕುವುದೇ ಸರಿಯೆಂದು ನನಗೆ ತೋರುತ್ತದೆ.

ಹೀಗೆ ಹುಡುಕುವಾಗ ನಾನು ಮಗ್ಗದ ಕಡೆಗೆ ಹೋದದ್ದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ‘ರೀಲ್’ ಎಂಬುದು ಮೂಲತಃ ನೂತ ನೂಲನ್ನು ಸುತ್ತಿಕೊಳ್ಳುವ ಸಾಧನದ ಹೆಸರು. ಸ್ಕಾಟ್ಲೆಂಡಿನವರು ಗಾಳದ ರೀಲನ್ನು ‘ಪಿರ್ನ್’ ಎನ್ನುತ್ತಿದ್ದರು. ನೇಕಾರರ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೂ ಅದೇ ಹೆಸರು. ನಮ್ಮ ನೇಕಾರರು ಅದನ್ನು ‘ಕಂಡಿಕೆ’ ಎನ್ನುತ್ತಾರೆ. ಇನ್ನು ಈ ಸಾಧನವಾದರೋ ಹೆಸರಿಗಿಂತ ಹಳೆಯದು: ಸುಮಾರು 1195ರಲ್ಲಿ ಚೀನಾದ ಚಿತ್ರಕಾರ ಮಾ ಯುವಾನ್ ಬರೆದ ಚಿತ್ರವೊಂದರಲ್ಲಿ ದೋಣಿಯ ಮೇಲೆ ಕುಳಿತ ಒಂಟಿ ಗಾಳಗಾರನ ಕೋಲಿನಲ್ಲಿ ಸಣ್ಣ ಚಕ್ರವೊಂದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಬಣ್ಣಿಸಿದ ಥಾಮಸ್ ಬಾರ್ಕರ್ 1651ರ ತನ್ನ ಕೈಪಿಡಿಯಲ್ಲಿ ‘ರೀಲ್’ ಎನ್ನದೆ, ಸುತ್ತುವುದೆಂಬ ಅರ್ಥದ ಕ್ರಿಯಾಪದದಿಂದಲೇ ‘ವೈಂಡ್’ ಎಂದು ಹೆಸರು ಮಾಡಿಕೊಂಡ. ಅಂದರೆ ಇಂಗ್ಲಿಷಿನವರೂ ಪದಕ್ಕಾಗಿ ತಡಕಾಡಿದವರೇ, ಸಿಕ್ಕಿದ್ದನ್ನು ನೂಲಿನ ಕೆಲಸದಿಂದಲೇ ತಂದುಕೊಂಡವರೇ.

ದಾರ ಸುತ್ತಿಕೊಳ್ಳುವ ಭಾಗವನ್ನು ನಾನು ಮೊದಮೊದಲು ಎಲ್ಲ ರೀಲುಗಳಲ್ಲಿಯೂ ‘ರಾಟೆ’ ಎಂದೇ ಬರೆಯುತ್ತಿದ್ದೆ. ಬಾವಿಯ ರಾಟೆಯೂ ನೂಲುವ ರಾಟೆಯೂ ಎಲ್ಲರಿಗೆ ಗೊತ್ತು. ಸಂಸ್ಕೃತದ ‘ಅರಘಟ್ಟ’ದಿಂದ, ಅಂದರೆ ನೀರೆತ್ತುವ ಚಕ್ರದಿಂದ, ಬಂದ ಈ ಪದಕ್ಕೆ ತಿರುಗುವುದೇ ಪ್ರಾಣ. ಹಾಗಾಗಿ ಹಳೆಯ ಮರದ ರೀಲುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹೆಸರಿನಲ್ಲಿ ಪ್ರಸಿದ್ಧವಾದ ಅಕ್ರೋಟು ಮರದ ರೀಲೊಂದು ಇದನ್ನು ಬರೆಯುವಾಗ ನನ್ನ ಮೇಜಿನ ಮೇಲಿದೆ. ಹಿಂಬದಿಯ ಮರದ ಬಿಲ್ಲೆ ನೆನೆದು ಡೊಂಕಾಗದಿರಲೆಂದು ಅದಕ್ಕೆ ಅಡ್ಡಲಾಗಿ ನಕ್ಷತ್ರದಾಕಾರದ ಹಿತ್ತಾಳೆಯ ಪಟ್ಟಿಯನ್ನು ತಿರುಪುಗಳಿಂದ ಬಿಗಿದಿದ್ದಾರೆ. ಮುಂಬದಿಯಲ್ಲಿ ಕೊಂಬಿನಿಂದ ಕಡೆದ ಎರಡು ಪುಟ್ಟ ಹಿಡಿಗಳಿವೆ. ಒಂದು ಹಿಡಿಯನ್ನು ಬೆರಳಿನಿಂದ ತಟ್ಟಿದರೆ ರಾಟೆ ಗಿರಗಿರನೆ ತಿರುಗುತ್ತ ಬಹಳ ಹೊತ್ತು ನಿಲ್ಲುವುದಿಲ್ಲ. ಹೊಳೆಯ ಹರಿವು ಬೆಂಡನ್ನು ಒಯ್ದಂತೆಲ್ಲ ದಾರವು ತಾನಾಗಿ ಬಿಚ್ಚಿಕೊಂಡು ಹೋಗಬೇಕಾದರೆ ಇಷ್ಟು ಹಗುರವಾಗಿ ತಿರುಗುವುದು ಅವಶ್ಯಕ. ಇಲ್ಲಿ ‘ರಾಟೆ’ ಎಂಬ ಪದದಲ್ಲಿ ಯಾವ ಕೊರತೆಯೂ ಇಲ್ಲ.

ಆದರೆ 1905ರಲ್ಲಿ ಜವಳಿ ಉದ್ಯಮಿಯಾದ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಪೇಟೆಂಟ್ ಪಡೆದ ರೀಲು ಈ ಪದವನ್ನು ಒಪ್ಪುವುದಿಲ್ಲ. ಅದರಲ್ಲಿ ದಾರ ಸುತ್ತಿದ ಭಾಗ ತಿರುಗುವುದೇ ಇಲ್ಲ. ಅದು ಕೋಲಿನ ಉದ್ದಕ್ಕೆ ಮುಖಮಾಡಿ ಸುಮ್ಮನೆ ಕುಳಿತಿರುತ್ತದೆ. ಬೀಸಿದಾಗ ದಾರವು ಅದರ ತುದಿಯಂಚಿನಿಂದ ಸುತ್ತುಸುತ್ತಾಗಿ ಕಳಚಿಕೊಂಡು ಹೋಗುತ್ತದೆ, ಮರಳಿ ಸುತ್ತುವಾಗ ಬೇರೊಂದು ಕೈ ಅದರ ಸುತ್ತ ಓಡಾಡಿ ದಾರವನ್ನು ತುಂಬುತ್ತದೆ. ಹಗ್ಗ ಎಳೆದರೆ ಹಾರುವ ಲಾಳಿಯ ಮಗ್ಗವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಕಂಡಿಕೆ ಲಾಳಿಯೊಳಗೆ ಅಲುಗದೆ ಕೂರುತ್ತದೆ, ನೂಲು ಅದರ ತುದಿಯಿಂದ ಕಳಚಿ ಹೊರಬರುತ್ತದೆ. ತಿರುಗುವುದು ರಾಟೆ, ನಿಂತಿರುವುದು ಕಂಡಿಕೆ. ಈ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸಿದರೆ ರೀಲುಗಳ ಎರಡು ಮುಖ್ಯ ಕುಲಗಳು ಹೆಸರಿನಲ್ಲಿಯೇ ಬೇರ್ಪಡುತ್ತವೆ: ರಾಟೆಯ ರೀಲು ಮತ್ತು ಕಂಡಿಕೆಯ ರೀಲು. ಮೀನು ಬಲವಾಗಿ ಜಗ್ಗಿದಾಗ ಕಂಡಿಕೆಯೂ ಸ್ವಲ್ಪ ತಿರುಗಿ ದಾರ ಕೊಡುತ್ತದೆ ಎಂಬ ಆಕ್ಷೇಪ ಬರಬಹುದು. ಅದು ಬಿಗಿ ಸೋತು ತಿರುಗುವುದೇ ಹೊರತು ತಿರುಗುವುದೇ ಅದರ ಕೆಲಸವಲ್ಲವಾದ್ದರಿಂದ ಹೆಸರಿಗೆ ಬಾಧಕವಿಲ್ಲವೆಂದು ನನ್ನ ಅಭಿಪ್ರಾಯ.

ಈ ವಿಂಗಡಣೆಯಿಂದ ಮತ್ತೊಂದು ಲಾಭವೂ ಆಯಿತು. ರಾಟೆಯ ರೀಲಿನಲ್ಲಿ ದಾರ ಹೋಗುವ ವೇಗಕ್ಕಿಂತ ರಾಟೆ ಹೆಚ್ಚು ವೇಗವಾಗಿ ತಿರುಗಿಬಿಟ್ಟರೆ ಸಡಿಲಾದ ಸುತ್ತುಗಳು ಒಂದರೊಳಗೊಂದು ನುಗ್ಗಿ ಗುಡ್ಡೆಯಾಗುತ್ತವೆ. ಕಂಡಿಕೆಯ ರೀಲಿನಲ್ಲಿ ಆ ತೊಂದರೆಯಿಲ್ಲ, ಆದರೆ ತುದಿಯಿಂದ ಕಳಚುವ ದಾರಕ್ಕೆ ಸುತ್ತಿಗೊಂದರಂತೆ ತಿರುಚು ಏರುತ್ತದೆ. ಮೊದಲನೆಯದನ್ನು ‘ಗೋಜಲು’ ಎಂದೂ ಎರಡನೆಯದನ್ನು ‘ಹುರಿ ಏರುವುದು’ ಎಂದೂ ಬರೆಯುತ್ತಿದ್ದೇನೆ. ‘ಸಿಕ್ಕು’ ಎಂಬ ಒಂದೇ ಪದ ಎರಡಕ್ಕೂ ಸಾಕೆನ್ನುವವರಿದ್ದಾರೆ. ಬಿಡಿಸುವ ಕ್ರಮ ಬೇರೆಯಾದ ಮೇಲೆ ಪದವೂ ಬೇರೆಯಿರಲಿ ಎಂಬುದು ನನ್ನ ಆಸೆ.

ಮೇಲೆ ಹೇಳಿದ ಮರದ ರೀಲಿನ ನಡುವೆ ಉಕ್ಕಿನ ಕಡ್ಡಿಯೊಂದಿದೆ. ಇಂಗ್ಲಿಷಿನವರು ಆ ಬಗೆಯ ರೀಲನ್ನು ‘ಸೆಂಟರ್‌ಪಿನ್’ ಎನ್ನುವುದು ಆ ಕಡ್ಡಿಯಿಂದಲೇ. ನಾನು ಅದನ್ನು ‘ಕದಿರು’ ಎಂದು ಬರೆದಿದ್ದೆ. ನೂಲುವ ರಾಟೆಯ ಪರಿಚಯವಿದ್ದ ಹಿರಿಯರೊಬ್ಬರು ಓದಿ, ಕದಿರೆಂದರೆ ತಾನೇ ತಿರುಗಬೇಕಲ್ಲವೇ ಎಂದರು. ಅವರ ಮಾತು ನಿಜ. ರೀಲಿನ ಕಡ್ಡಿ ಅಲುಗುವುದಿಲ್ಲ, ಅದರ ಮೇಲೆ ಕುಳಿತ ರಾಟೆ ತಿರುಗುತ್ತದೆ. ಎತ್ತಿನ ಗಾಡಿಯಲ್ಲಿ ಹೀಗೆ ನಿಂತು ಗಾಲಿಯನ್ನು ತಿರುಗಗೊಡುವುದು ಅಚ್ಚು. ಅಂದಿನಿಂದ ‘ನಡುವಚ್ಚು’ ಎಂದು ಬರೆಯುತ್ತಿದ್ದೇನೆ. ಮುದ್ರಣದ ಅಚ್ಚೆಂದು ಯಾರೂ ತಪ್ಪು ತಿಳಿಯಲಾರರೆಂದು ನಂಬಿದ್ದೇನೆ.

ಇನ್ನು ಇಂಗ್ಲಿಷಿನವರು ‘ಡ್ರ್ಯಾಗ್’ ಎನ್ನುವ ವ್ಯವಸ್ಥೆ. ಮೀನು ಜಗ್ಗಿದಾಗ ದಾರ ಕಡಿಯದಂತೆ, ಆದರೆ ಸುಲಭವಾಗಿಯೂ ಬಿಟ್ಟುಕೊಡದಂತೆ, ತೊಗಲಿನ ಅಥವಾ ಬೇರೆ ವಸ್ತುವಿನ ಬಿಲ್ಲೆಗಳ ಉಜ್ಜುವಿಕೆಯಿಂದ ಪ್ರತಿರೋಧ ಒಡ್ಡುವುದು ಇದರ ಕೆಲಸ. ಸುಮಾರು 1913ರಲ್ಲಿ ವಿಲಿಯಂ ಬೋಶೆನ್ ಎಂಬ ಸಮುದ್ರ ಗಾಳಗಾರನ ಕಲ್ಪನೆಯಂತೆ ಜೂಲಿಯಸ್ ವಾಮ್ ಹಾಫ್ ಕಟ್ಟಿಕೊಟ್ಟ ರೀಲಿನಲ್ಲಿ ಹಿಡಿಯ ಬುಡದ ನಕ್ಷತ್ರದಾಕಾರದ ಚಕ್ರವನ್ನು ತಿರುಗಿಸಿ ಈ ಪ್ರತಿರೋಧವನ್ನು ಹೆಚ್ಚು ಕಡಿಮೆ ಮಾಡಬಹುದಾಗಿತ್ತು. ಇದನ್ನು ನಾನು ಯೋಚಿಸದೆ ‘ಎಳೆತ’ ಎಂದು ಅನುವಾದಿಸಿಬಿಟ್ಟಿದ್ದೆ. ಒಮ್ಮೆ ಗೆಳೆಯರೊಬ್ಬರಿಗೆ ಹಳೆಯ ರೀಲೊಂದನ್ನು ಬಳಸಲು ಕೊಟ್ಟು, ‘ಮೀನು ಓಡತೊಡಗಿದರೆ ಎಳೆತ ಕಡಿಮೆ ಮಾಡಿ’ ಎಂದು ಚೀಟಿಯಲ್ಲಿ ಬರೆದಿದ್ದೆ. ಅವರು ನಕ್ಷತ್ರಚಕ್ರವನ್ನು ಮುಟ್ಟದೆ, ತಾವು ಹಿಡಿ ಸುತ್ತುವುದನ್ನಷ್ಟೇ ನಿಧಾನ ಮಾಡಿದರು. ದಾರ ಕಡಿಯಿತು, ಮೀನು ಹೋಯಿತು. ಅವರ ಅರ್ಥಗ್ರಹಣದಲ್ಲಿ ತಪ್ಪಿರಲಿಲ್ಲ. ಎಳೆಯುವವರು ಮೀನೋ ಮನುಷ್ಯರೋ ಆಗಿರುತ್ತಾರೆ, ರೀಲು ಎಳೆಯುವುದಿಲ್ಲ, ಅದು ಹಿಡಿದುಕೊಳ್ಳುತ್ತದೆ. ಕನ್ನಡದಲ್ಲಿ ಇದಕ್ಕೆ ‘ಬಿಗಿ’ ಎಂಬ ಪದವಿದ್ದೇ ಇದೆ. ಬಿಗಿ ಹೆಚ್ಚಿಸು, ಬಿಗಿ ಸಡಿಲಿಸು, ಬಿಗಿ ಸೋತಿದೆ, ಬಿಗಿ ಹಿಡಿಯುತ್ತಿಲ್ಲ ಎಂದು ಯಾವ ಕ್ರಿಯಾಪದದೊಂದಿಗಾದರೂ ಅದು ಹೊಂದಿಕೊಳ್ಳುತ್ತದೆ. ಆ ಚಕ್ರ ಈಗ ನನ್ನ ಬರಹದಲ್ಲಿ ‘ಬಿಗಿಚಕ್ರ’.

ಹಿಡಿಯ ಒಂದು ಸುತ್ತಿಗೆ ರಾಟೆ ಹಲವು ಸುತ್ತು ತಿರುಗುವ ರೀಲುಗಳನ್ನು ಇಂಗ್ಲಿಷಿನವರು ‘ಮಲ್ಟಿಪ್ಲೈಯರ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಕರ್ಮಿ ಮಾಡಿದ ರೀಲುಗಳಿಂದ ಈ ಬಗೆ ಅಲ್ಲಿ ಬೆಳೆಯಿತು. ‘ಗುಣಕ’ ಎಂದರೆ ಅದು ಲೆಕ್ಕದ ಪುಸ್ತಕದ ಮಾತು. ಒಂದಕ್ಕೆ ನಾಲ್ಕು ತಿರುಗುವುದನ್ನು ‘ನಾಲ್ಮಡಿ ರೀಲು’ ಎಂದರೆ ಇಮ್ಮಡಿ, ಮುಮ್ಮಡಿಗಳ ಸಾಲಿಗೆ ಅದು ತಾನಾಗಿ ಸೇರಿಕೊಳ್ಳುತ್ತದೆ, ಅನುಪಾತವೂ ಹೆಸರಿನಲ್ಲಿಯೇ ತಿಳಿಯುತ್ತದೆ. ಕಂಡಿಕೆಯ ರೀಲಿನಲ್ಲಿ ದಾರವನ್ನು ಹಿಡಿದು ಸುತ್ತಿಸುವ ತಂತಿಯ ಬಳೆಗೆ ‘ಕಮಾನು’, ಕೋಲಿಗೆ ಕಟ್ಟುವ ತಗಡಿಗೆ ‘ಪಾದ’ ಎಂದಿದ್ದೇನೆ. ಇವೆರಡರ ಬಗ್ಗೆ ನನಗೆ ಸಂಶಯವಿಲ್ಲ. ಪಾದವನ್ನು ಹಿಂದಿನ ಒಡೆಯರು ತಮ್ಮ ಕೋಲಿಗೆ ಹೊಂದಿಸಲು ಅರ ಹಾಕಿ ತೇಯ್ದಿದ್ದರೆ ಸಂಗ್ರಾಹಕರು ಅದನ್ನು ದೊಡ್ಡ ಕೊರತೆಯೆಂದು ಎಣಿಸುತ್ತಾರಾದ್ದರಿಂದ ‘ತೇಯ್ದ ಪಾದ’ ಎಂದು ಪ್ರತ್ಯೇಕವಾಗಿ ನಮೂದಿಸುತ್ತೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಪಟಿನಾ’ ಎಂಬ ಪದ. ಕಾಲಾಂತರದಲ್ಲಿ ಲೋಹದ ಮೇಲೆ ಮೂಡುವ ಬಣ್ಣವನ್ನು ಮೆಚ್ಚುಗೆಯಿಂದ ಸೂಚಿಸುವ ಮಾತದು. ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ಚೊಕ್ಕವಾದ ವಿಂಗಡಣೆಯಿದೆ. ಆದರೆ ಕಿಲುಬು ಎಂದೊಡನೆ ಉಜ್ಜಿ ತೆಗೆಯಬೇಕೆಂಬ ಭಾವ ಅದರ ಬೆನ್ನಿಗೇ ಬರುತ್ತದೆ. ಸಂಗ್ರಹ ಆರಂಭಿಸಿದ ಹೊಸತರಲ್ಲಿ ನಾನು ಕಪ್ಪಿಟ್ಟ ಹಿತ್ತಾಳೆಯ ರೀಲೊಂದನ್ನು ಕಿಲುಬು ಹಿಡಿದಿದೆಯೆಂದೇ ತಿಳಿದು ಒಂದು ಮಧ್ಯಾಹ್ನವೆಲ್ಲ ಉಜ್ಜಿ ಚಿನ್ನದಂತೆ ಹೊಳೆಯಿಸಿದೆ. ಆ ಕಾಲದ ಎಷ್ಟೋ ಹಿತ್ತಾಳೆಯ ರೀಲುಗಳಿಗೆ ತಯಾರಕರೇ ಕಂಚಿನ ಕಪ್ಪು ಬಣ್ಣ ಕೊಟ್ಟಿರುತ್ತಿದ್ದರೆಂದು ಆಮೇಲೆ ತಿಳಿಯಿತು. ಪಾದದ ಕೆಳಗೆ, ನನ್ನ ಬಟ್ಟೆ ತಲುಪದ ಸಂದಿಯಲ್ಲಿ, ಆ ಮೂಲ ಬಣ್ಣದ ಗೆರೆಯೊಂದು ಇಂದಿಗೂ ಉಳಿದಿದೆ. ಅದನ್ನು ನೋಡಿದಾಗಲೆಲ್ಲ ನೋವಾಗುತ್ತದೆ. ಇಲ್ಲಿ ಹೆಸರಿಡಬೇಕಾದ ಸಂಗತಿಗಳು ಮೂರು: ತಯಾರಕರು ಕೊಟ್ಟ ಬಣ್ಣ, ಕೈತಾಗಿ ಕಾಲದಿಂದ ಮಾಗಿದ ಬಣ್ಣ, ಮತ್ತು ಲೋಹವನ್ನು ತಿನ್ನುವ ಹಸಿರು ಪುಡಿ. ಮೂರನೆಯದಕ್ಕೆ ಮಾತ್ರ ಕಿಲುಬು ಎನ್ನಬೇಕು. ಮೊದಲನೆಯದನ್ನು ‘ಮೂಲ ಲೇಪ’ ಎಂದಿದ್ದೇನೆ. ನಡುವಿನದಕ್ಕೆ ‘ಮಾಗುಬಣ್ಣ’ ಎಂದು ಕಟ್ಟಿಕೊಂಡಿದ್ದೇನೆ. ಹಣ್ಣಿಗೂ ಮನಸ್ಸಿಗೂ ಸಲ್ಲುವ ‘ಮಾಗು’ ಎಂಬ ಕ್ರಿಯಾಪದ ಲೋಹಕ್ಕೆ ಸಲ್ಲುತ್ತದೆಯೇ ಎಂಬುದು ನನ್ನ ಪ್ರಶ್ನೆ. ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನ ಬಿಲ್ಲೆಗಳು ಬೆಳಕಿಗೆ ಕಂದುಹಸಿರಾಗುವುದನ್ನು ಮಾತ್ರ ಮಾಗುವುದೆನ್ನಲು ಮನಸ್ಸು ಬಾರದು, ಅದು ‘ಮಾಸುವುದು’. ಆ ಬಿಲ್ಲೆಗಳ ಅಂಚಿಗೆ ಹಾಕುವ ‘ಜರ್ಮನ್ ಸಿಲ್ವರ್’ ಎಂಬ ಲೋಹವನ್ನು ‘ಜರ್ಮನ್ ಬೆಳ್ಳಿ’ ಎಂದು ಅನುವಾದಿಸಬಾರದೆಂದೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಣ, ಬೆಳ್ಳಿ ಅದರಲ್ಲಿಲ್ಲ.

‘ವಿಂಟೇಜ್’ ಎಂಬುದಕ್ಕೆ ‘ಪುರಾತನ’, ‘ಪ್ರಾಚೀನ’ ಎಂದರೆ ಶಾಸನಗಳ ಕಾಲ ನೆನಪಾಗುತ್ತದೆ. ಎಪ್ಪತ್ತು ವರ್ಷದ ರೀಲಿಗೆ ಅಷ್ಟು ಭಾರ ಬೇಡ, ‘ಹಳಗಾಲದ’ ಸಾಕು.

ಕೊನೆಗೆ, ನಾನು ಪದವನ್ನೇ ಕಾಣದ ಭಾಗ. ರೀಲಿನ ಹಿಂಬದಿಯ ತಟ್ಟೆಯನ್ನು ಬಿಚ್ಚಿದರೆ ಒಂದು ಹಲ್ಲುಚಕ್ರವೂ, ಸ್ಪ್ರಿಂಗಿನ ಒತ್ತಡದಿಂದ ಅದಕ್ಕೆ ತಾಗಿ ನಿಂತ, ಮೊನೆಯುಳ್ಳ ಚಿಕ್ಕದೊಂದು ಉಕ್ಕಿನ ತುಂಡೂ ಕಾಣುತ್ತವೆ. ರಾಟೆ ತಿರುಗಿದಂತೆ ಅದು ಹಲ್ಲಿನಿಂದ ಹಲ್ಲಿಗೆ ಹಾರಿ ಟಿಕಟಿಕ ಎನ್ನುತ್ತದೆ. ಮೀನು ಓಡಿದಾಗ ಆ ಸದ್ದೆಲ್ಲ ಕೂಡಿ ಒಂದೇ ಕಿರ್ರೆಂಬ ಕೂಗಾಗುತ್ತದೆ. ಇಂಗ್ಲಿಷಿನಲ್ಲಿ ಆ ತುಂಡಿಗೆ ‘ಪಾಲ್’ ಎಂದು ಹೆಸರು. ‘ಕೊಕ್ಕೆ’ ಎನ್ನಲಾಗದು, ಗಾಳದ ಪ್ರಸಂಗದಲ್ಲಿ ಕೊಕ್ಕೆಯೆಂದರೆ ಮೀನಿನ ಬಾಯಿಗೆ ಸಿಗುವುದು. ‘ಚಿಲಕ’, ‘ಅಗುಳಿ’ಗಳು ಪೂರ್ತಿ ತಡೆದುಬಿಡುವಂಥವು, ಇದು ತಡೆಯುತ್ತಲೇ ಬಿಟ್ಟುಕೊಡುತ್ತದೆ. ಗಂಟೆಯೊಳಗೆ ಆಡುತ್ತ ಸದ್ದು ಮಾಡುವ ತುಂಡನ್ನು ನಾವು ‘ನಾಲಿಗೆ’ ಎನ್ನುವುದರಿಂದ ಇದಕ್ಕೂ ನಾಲಿಗೆ ಎಂದು ಸದ್ಯಕ್ಕೆ ಬರೆದಿದ್ದೇನೆ. ಆದರೆ ಕೀಲಿ ಕೊಡುವ ಗಡಿಯಾರಗಳಲ್ಲಿಯೂ ಭಾರ ಎತ್ತುವ ಯಂತ್ರಗಳಲ್ಲಿಯೂ ಇದೇ ತುಂಡು ಇರುವುದರಿಂದ, ಅವನ್ನು ರಿಪೇರಿ ಮಾಡುವ ಕನ್ನಡಿಗರ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು. ಅದನ್ನು ಕೇಳಿ ಬಲ್ಲವರು, ಆಡಿದ ಹಾಗೆಯೇ, ಯಾವ ಕೆಲಸದವರ ಮಾತು ಎಂಬುದರೊಂದಿಗೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.