ಒಣಕೊಂಬೆಗೆ ಮಚ್ಚಿನ ಬಾಯಿ ಮಡಚುತ್ತೆ, ದಪ್ಪ ಅಲಗು ತಗೊಳ್ಳಬೇಕಾ?

ಪ್ರಶ್ನೆ:
ಅಲಗು 14 ಇಂಚು, ಬೆನ್ನು 3 ಮಿ.ಮೀ. ಹಸಿ ರೆಂಬೆ ಸಲೀಸಾಗಿ ತುಂಡಾಗುತ್ತೆ. ಮಣಿಕಟ್ಟಿನ ಗಾತ್ರದ ಒಣಕೊಂಬೆಗೆ ಹತ್ತು ಏಟು ಬೀಳುವಷ್ಟರಲ್ಲಿ ಬಾಯಿ ಒಂದು ಕಡೆಗೆ ಮಡಚಿರುತ್ತೆ. ಸಾಣೆ ಹಿಡಿಸಿದ್ದು ಗ್ರೈಂಡರ್‌ನಲ್ಲಿ. 6 ಮಿ.ಮೀ.ದು ತಗೊಂಡರೆ ಸರಿಹೋಗುತ್ತಾ?

ಉತ್ತರ 1:
ಬೆನ್ನು ಬಿಡಿ, ಮೊದಲು ಬಾಯಿ ನೋಡಿ. ಅಂಚಿನಲ್ಲಿ ನೀಲಿ ಬಣ್ಣ ಕಾಣುತ್ತಾ? ಕಂಡರೆ ಅಲ್ಲಿ ಉಕ್ಕು ಗ್ರೈಂಡರ್‌ನ ಉಜ್ಜುವಿಕೆಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹದ (ಬೇಕಾದಷ್ಟು ಗಡಸುತನ) ಕಳೆದುಕೊಂಡಿದೆ. ಅರ ಹಾಕಿ ಪರೀಕ್ಷಿಸಿ. ಹದವಿರುವ ಬಾಯಿಗೆ ಅರ ಕಷ್ಟಪಟ್ಟು ಕಚ್ಚುತ್ತೆ. ಸುಲಭವಾಗಿ ಪುಡಿ ಉದುರಿದರೆ ಮೆತ್ತಗಿದೆ ಅಂತ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ತೀರಾ ಗಡುಸು, ಗಂಟಿಗೆ ತಗುಲಿದಾಗ ಚಕ್ಕೆ ಹಾರುತ್ತೆ.

ಬಾಯಿಯ ಕೋನವೂ ಮುಖ್ಯ. ಹಸಿ ರೆಂಬೆಗೆ ಎರಡೂ ಕಡೆ ಸೇರಿ 25 ಡಿಗ್ರಿ ಸಾಕು, ಒಣಮರಕ್ಕೆ 30–35 ಬೇಕು. ಅರವನ್ನು ಮುಂದಕ್ಕೆ ತಳ್ಳುವಾಗಷ್ಟೇ ಒತ್ತಿ, ಹಿಂದಕ್ಕೆ ತರುವಾಗ ಎತ್ತಿಬಿಡಿ. ಕೊನೆಗೆ ಅಂಚಿನಲ್ಲಿ ಉಳಿದ ಉಕ್ಕಿನ ಸಣ್ಣ ಮುಳ್ಳುಗಳನ್ನು ಸಾಣೆಕಲ್ಲಿನಲ್ಲಿ ತೆಗೆಯಿರಿ.

ಉತ್ತರ 2:
ಒಂದೇ ಕಡೆಗೆ ಮಡಚುತ್ತೆ ಅಂದರೆ ಹೊಡೆತದಲ್ಲೂ ತಪ್ಪಿರಬಹುದು. ಸಿಕ್ಕಿಕೊಂಡ ಮಚ್ಚನ್ನು ಪಕ್ಕಕ್ಕೆ ತಿರುಚಿ ಬಿಡಿಸಬೇಡಿ, ಬಾಯಿ ಹೋಗುವುದೇ ಅಲ್ಲಿ. ಹಿಡಿಯನ್ನು ಅಲಗಿನ ಗೆರೆಯಲ್ಲೇ ಮೇಲೆ ಕೆಳಗೆ ಆಡಿಸಿದರೆ ಸಡಿಲಾಗುತ್ತೆ. ನೇರ ಅಡ್ಡಕ್ಕೆ ಹೊಡೆಯದೆ 45 ಡಿಗ್ರಿ ಓರೆಯಾಗಿ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಕಿ. ಕೊಂಬೆಯಲ್ಲಿ ಬೀಳುವ ಕಚ್ಚು ಮೇಲ್ಭಾಗದಲ್ಲಿ ಕೊಂಬೆಯ ದಪ್ಪದಷ್ಟೇ ಅಗಲವಿರಲಿ. ಕಿರಿದಾದರೆ ಚಕ್ಕೆ ಹಾರದೆ ಅಲಗು ಸಿಕ್ಕಿಬೀಳುತ್ತೆ. ಕೆಳಗೆ ಮರದ ಕೊರಡೇ ಇರಬೇಕು, ಕಲ್ಲುನೆಲ ಬೇಡವೇ ಬೇಡ. ಕೊಂಬೆ ಹಿಡಿದ ಕೈ ಏಟು ಬೀಳುವ ಜಾಗದಿಂದ ಮೊಳದಷ್ಟು ದೂರವಿರಲಿ.

ಉತ್ತರ 3:
ಹೊಸದು ತಗೊಳ್ಳುವುದೇ ಆದರೆ 5 ಮಿ.ಮೀ. ಬೆನ್ನು, 12 ಇಂಚು ಅಲಗು. 6 ಮಿ.ಮೀ.ದು ಆಳಕ್ಕೆ ಇಳಿಯುತ್ತೆ ನಿಜ, ಆದರೆ ತೋಳು ಬೇಗ ಸೋಲುತ್ತೆ. ಸೋತ ತೋಳಿನ ಏಟು ಗುರಿ ತಪ್ಪುತ್ತೆ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿ ರಿವೆಟ್ ಬಿದ್ದಿರಲಿ. ಹಿಡಿಯ ಕೊನೆ ಸ್ವಲ್ಪ ಉಬ್ಬಿದ್ದರೆ ಬೆವರಿದ ಕೈಯಿಂದ ಜಾರುವುದಿಲ್ಲ. ಮಣಿಕಟ್ಟಿಗಿಂತ ದಪ್ಪದ ಮರಕ್ಕೆ ಗರಗಸ ಅಥವಾ ಕೊಡಲಿಯೇ ಸರಿ.

ಪ್ರಶ್ನೆ ಕೇಳಿದವರು:
ತುದಿಯಿಂದ ನಾಲ್ಕು ಬೆರಳು ಹಿಂದೆ ನೀಲಿ ಕಲೆ ಇದೆ, 2 ಮಿ.ಮೀ. ಒಳಕ್ಕೆ. ಅಲ್ಲಿ ಅರ ಸುಲಭವಾಗಿ ಕಚ್ಚುತ್ತೆ, ಹಿಡಿಯ ಹತ್ತಿರ ಕಷ್ಟ.

ಉತ್ತರ 1:
ಹಾಗಾದರೆ ಮಚ್ಚು ಚೆನ್ನಾಗಿದೆ, ಕೆಟ್ಟಿರುವುದು ಅಷ್ಟೇ ಜಾಗ. ಕಲೆ ಇರುವಲ್ಲಿ ಮಾತ್ರ ಉಜ್ಜಿದರೆ ಗುಳಿ ಬೀಳುತ್ತೆ. ಬಾಯಿಯುದ್ದಕ್ಕೂ 2 ಮಿ.ಮೀ.ಗಿಂತ ತುಸು ಹೆಚ್ಚೇ ಇಳಿಸಿ ಹೊಸ ಅಂಚು ಕಟ್ಟಿ. ಕೈಅರದಲ್ಲೇ ಮಾಡಿ, ನಿಧಾನವಾದರೂ ಉಕ್ಕು ಬಿಸಿಯಾಗುವುದಿಲ್ಲ.